ಸ್ಫೂರ್ತಿಗೆ ಕಾಯುವಷ್ಟು ಪುರುಸೊತ್ತು ನಮಗಿಲ್ಲ

ಕತೆ ಬರೆಯುವುದು ಹೇಗೆ ಅಂತ ಹೇಳಿಕೊಡುವವರಿಗೆ ಈ ನಾಡಿನಲ್ಲಿ ಯಾವತ್ತೂ ಬರ ಬಂದಿಲ್ಲ. ಮಳೆಗೆ ಬರ, ಕೂಲಿಗೆ ಬರ, ಹಾಸ್ಟೆಲಿನ ಸಾರಿನಲ್ಲಿ ಬೇಳೆಗೆ ಬರ. ಉಪದೇಶಕ್ಕೆ ಮಾತ್ರ ಬರವಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಏಳಿ ಅಂತಾರೆ. ಕಿಟಕಿ ಪಕ್ಕ ಮೇಜು ಹಾಕಿಕೊಳ್ಳಿ ಅಂತಾರೆ. ಒಂದು ಗಂಟೆ ಒಬ್ಬರೇ ನಡೆಯಿರಿ, ಮೌನದಲ್ಲಿ ಕೂರಿ, ಸ್ಫೂರ್ತಿ ತಾನಾಗಿ ಇಳಿದು ಬರುತ್ತದೆ ಅಂತಾರೆ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಸ್ವಾಮಿ, ನಾಲ್ಕಕ್ಕೆ ಏಳೋದನ್ನ ನೀವು ನಮಗೆ ಕಲಿಸಬೇಕಾಗಿಲ್ಲ. ನಮ್ಮ ಅವ್ವಂದಿರು ತಲೆತಲಾಂತರದಿಂದ ನಾಲ್ಕಕ್ಕೇ ಎದ್ದಿದ್ದಾರೆ. ಎದ್ದು ಊರವರ ಕೊಟ್ಟಿಗೆಯ ಸಗಣಿ ಬಾಚಿದ್ದಾರೆ, ಪಟ್ಟಣದ ಬೀದಿ ಗುಡಿಸಿದ್ದಾರೆ. ಅವರ ಮೇಲೆ ಯಾವ ಸ್ಫೂರ್ತಿಯೂ ಇಳಿದು ಬರಲಿಲ್ಲ. ಇಳಿದು ಬಂದದ್ದು ಮೇಸ್ತ್ರಿಯ ಬೈಗುಳ.

ನಾವು ಬರೆಯಲು ಕೂತ ಹುಡುಗ ಹುಡುಗಿಯರು. ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆಗಳು. ಕತೆ ಬರೆಯೋದಕ್ಕೆ ಅಭ್ಯಾಸ ಬೇಕು ಅನ್ನೋ ಮಾತಿಗೆ ನಮ್ಮ ತಕರಾರಿಲ್ಲ. ಯಾರ ಅಭ್ಯಾಸ, ಯಾವ ಹೊತ್ತಿನ ಅಭ್ಯಾಸ, ಅದರ ಖರ್ಚು ಯಾರ ತಲೆ ಮೇಲೆ ಅನ್ನೋದು ನಮ್ಮ ಪ್ರಶ್ನೆ. ಈ ಪ್ರಶ್ನೆಯ ಎದುರು ಎರಡು ಸುಳ್ಳುಗಳು ಅಡ್ಡ ನಿಂತಿವೆ. ಎರಡನ್ನೂ ಉರುಳಿಸದೆ ನಮ್ಮ ಒಂದು ಪುಟವೂ ಮುಂದೆ ಸಾಗೋದಿಲ್ಲ.

ಮೊದಲನೇ ಸುಳ್ಳು ಪ್ರತಿಭೆಯದು. ಕತೆಗಾರ ಹುಟ್ಟಿಬರಬೇಕು, ಕಲಿತರೆ ಆಗುವುದಿಲ್ಲ ಎಂಬುದು. ಹುಟ್ಟಿನಿಂದ ಬರುವ ಅರ್ಹತೆಗಳ ಬಗ್ಗೆ ಈ ದೇಶದಲ್ಲಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಡಿಯ ಬಾಗಿಲಲ್ಲಿ ಇದೇ ಮಾತು ಕೇಳಿದೆವು. ಬಾವಿಕಟ್ಟೆಯಲ್ಲಿ ಇದೇ ಮಾತು ಕೇಳಿದೆವು. ಈಗ ಕತೆಯ ಬಾಗಿಲಲ್ಲೂ ಅದೇ. 'ಅದು ರಕ್ತದಲ್ಲೇ ಬರಬೇಕು' ಅನ್ನುವವನ ಬಾಯಿಂದ ಜಾತಿ ಅನ್ನೋ ಪದ ಬೀಳದಿದ್ದರೂ ವಾಸನೆ ಬಡಿಯುತ್ತದೆ.

ಇವರು ತಲೆ ಮೇಲೆ ಹೊತ್ತು ತಿರುಗುವ ಸಂಸ್ಕೃತ ಕಾವ್ಯಮೀಮಾಂಸೆಯೇ ಇವರ ಪರವಾಗಿ ಪೂರ್ತಿ ಸಾಕ್ಷಿ ಹೇಳುವುದಿಲ್ಲ. ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಹುಟ್ಟಿನ ಪ್ರತಿಭೆ, ಓದು, ಬಿಡದ ಅಭ್ಯಾಸ ಈ ಮೂರನ್ನೂ ಕಾವ್ಯಕ್ಕೆ ಕಾರಣ ಎಂದ. ಅಷ್ಟಕ್ಕೇ ನಿಲ್ಲಲಿಲ್ಲ. ಪೂರ್ವಜನ್ಮದ ವಾಸನೆಯಿಂದ ಬರುವ ಪ್ರತಿಭೆ ಇಲ್ಲದಿದ್ದರೂ ಸರಿ, ಓದಿನಿಂದಲೂ ಯತ್ನದಿಂದಲೂ ಮಾತನ್ನು ಬಿಡದೆ ಹಿಡಿದವನಿಗೆ ಅದು ಖಂಡಿತ ಒಲಿಯುತ್ತದೆ ಎಂದ. ಆ ದಂಡಿಯ ದಾರಿಯಲ್ಲಿ ನಡೆದ ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂದಿತು. ಈ ಮಾತನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ಎದೆಯುಬ್ಬಿಸಿ ಹೇಳುವವರನ್ನು, 'ಆ ಓದದ ಜನ ಯಾವ ಕೇರಿಯವರು ಸಾರ್?' ಅಂತ ಕೇಳಿ ನೋಡಿ. ಮೈಕು ಸರಿಮಾಡಿಕೊಳ್ತಾರೆ.

ಆ ಜನ ಇನ್ನೂ ಇದ್ದಾರೆ. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರನ್ನು ನೋಡಿ. ಮಲೆ ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರನ್ನು ನೋಡಿ. 'ಆಹಾ, ಸಹಜ ಪ್ರತಿಭೆ' ಅಂತ ವಿದ್ವಾಂಸರು ತಲೆದೂಗುತ್ತಾರೆ. ಸಹಜ ಎಲ್ಲಿಂದ ಬಂತು ರೀ? ದೀಕ್ಷೆ ಪಡೆದು, ಗುರುವಿನ ಹಿಂದೆ ತಂಬೂರಿ ಹೊತ್ತು, ಹಿಮ್ಮೇಳದಲ್ಲಿ ನಿಂತು ಸೊಲ್ಲು ಹೇಳಿ ಹೇಳಿ ನಾಲಗೆ ಪಳಗಿದ ಮೇಲೆ ಒಬ್ಬ ಕತೆ ನಡೆಸುವ ಮಟ್ಟಕ್ಕೆ ಬರುತ್ತಾನೆ. ಅದು ದುಡಿಮೆ. ಬಡವನ ಅಭ್ಯಾಸವಾದರೆ 'ಸಹಜ', ಉಳ್ಳವನ ಅಭ್ಯಾಸವಾದರೆ 'ಸಾಧನೆ'. ಇದನ್ನು ವಿಮರ್ಶೆ ಅಂತ ಕರೆಯಬೇಡಿ. ಬಿಟ್ಟಿಚಾಕರಿಗೆ ಇಟ್ಟ ಹೊಸ ಹೆಸರು ಇದು.

ಎರಡನೇ ಸುಳ್ಳು ಇನ್ನೂ ಅಪಾಯದ್ದು. ಯಾಕೆಂದರೆ ಅದು ಪ್ರೀತಿಯ ವೇಷ ಹಾಕಿಕೊಂಡು ಬರುತ್ತದೆ. ಕತೆ ಕಮ್ಮಟವೊಂದರಲ್ಲಿ ಹಿರಿಯರೊಬ್ಬರು ನಮ್ಮ ಬೆನ್ನು ತಟ್ಟಿ ಹೇಳಿದರು: 'ನಿಮಗೇನಪ್ಪಾ, ನಿಮ್ಮ ಬದುಕೇ ಒಂದು ಕತೆ. ಅನುಭವಿಸಿದ್ದನ್ನ ಹಾಗೇ ಬರೆದುಬಿಡಿ. ತಂತ್ರಗಿಂತ್ರ ನಿಮಗ್ಯಾಕೆ?' ಅದೇ ಕಮ್ಮಟದಲ್ಲಿ ಉಳಿದ ಹುಡುಗರಿಗೆ ನಿರೂಪಣೆ, ಪಾತ್ರ, ಕಾಲ, ದೃಷ್ಟಿಕೋನ ಅಂತ ಎರಡು ದಿನ ಪಾಠ ನಡೆಯಿತು. ಅವರಿಗೆ ಕಲೆ, ನಮಗೆ ಅನುಭವ. ಹಳ್ಳಿಯ ಹೋಟೆಲಿನಲ್ಲಿ ಎರಡು ಲೋಟ ಇಟ್ಟ ಹಾಗೆ ಕಮ್ಮಟದಲ್ಲೂ ಎರಡು ಲೋಟ.

'ಹಾಗೇ ಬರೆದುಬಿಡಿ' ಅನ್ನೋ ಮಾತನ್ನು ನಂಬಿದರೆ ಏನಾಗುತ್ತದೆ? ಒಂದು ಸಲ ಬರೀತೀವಿ. ಅಪ್ಪನ ಜೀತ, ಅವ್ವನ ಹರಕು ಸೀರೆ, ಶಾಲೆಯಲ್ಲಿ ಬೇರೆ ಕೂರಿಸಿದ್ದು, ಎಲ್ಲ ಬರೀತೀವಿ. ಓದಿದವರು ಕಣ್ಣೊರೆಸಿಕೊಳ್ತಾರೆ, ಶಾಲು ಹೊದಿಸ್ತಾರೆ. ಎರಡನೇ ಪುಸ್ತಕದ ಹೊತ್ತಿಗೆ ನಮ್ಮ ನೋವೇನೂ ಮುಗಿದಿರೋದಿಲ್ಲ. ಆದರೆ ಅದನ್ನು ಕತೆ ಮಾಡುವ ಕೈ ಬೆಳೆದೇ ಇರೋದಿಲ್ಲ. ಅಲ್ಲಿಗೆ ಒಬ್ಬ ಬರಹಗಾರ ಮುಗಿದ. ಹೀಗೆ ಒಂದೇ ಪುಸ್ತಕಕ್ಕೆ ನಿಂತುಹೋದ ಅಣ್ಣಂದಿರು ನಮಗೆ ಗೊತ್ತು. ಅವರನ್ನು ಯಾರೂ ತುಳಿಯಲಿಲ್ಲ. ಹೊಗಳಿ ಕೂರಿಸಿದರು.

ದೇವನೂರ ಮಹಾದೇವರ 'ಒಡಲಾಳ'ವನ್ನು ಮತ್ತೆ ತೆಗೆದು ನೋಡಿ. ಸಾಕವ್ವನ ಒಂದು ಹುಂಜ ಕಳೆದುಹೋಗಿದೆ. ರಾತ್ರಿ ಮನೆಮಂದಿಯೆಲ್ಲ ಕೂತು ಕಳವಿನ ಕಡಲೆಕಾಯಿ ಸುಲಿದು ತಿನ್ನುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಇಷ್ಟರಲ್ಲೇ ಹಸಿವು ಹಬ್ಬವಾಗುತ್ತದೆ, ಹಬ್ಬ ಅಪರಾಧವಾಗುತ್ತದೆ. 1984ರ 'ಕುಸುಮಬಾಲೆ'ಯಲ್ಲಿ ಮಂಚ ಮಾತಾಡುತ್ತದೆ, ಜೋತಮ್ಮಂದಿರು ರಾತ್ರಿ ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತಾರೆ. ಇದನ್ನು ಯಾರೂ ಹಾಗೇ ಬರೆದುಬಿಡಲಿಲ್ಲ. ಅನುಭವ ಇದ್ದ ಮಾತ್ರಕ್ಕೆ 'ಕುಸುಮಬಾಲೆ' ಹುಟ್ಟೋದಾಗಿದ್ದರೆ ನಮ್ಮ ಕೇರಿಗಳಲ್ಲಿ ಮನೆಗೊಂದು ಇರಬೇಕಿತ್ತು. ನಮಗೆ ಕಂಡದ್ದನ್ನು ಹೇಳುವ ಹಕ್ಕಷ್ಟೇ ಸಾಲದು. ಕಾಣದ್ದನ್ನು ಕಟ್ಟುವ ಹಕ್ಕೂ ಬೇಕು. ದೆವ್ವ, ಪೋಲಿತನ, ಪ್ರೇಮ, ನಗು, ನೂರು ವರ್ಷದಾಚೆಯ ಲೋಕ, ಎಲ್ಲವೂ ಬೇಕು. ಕಲ್ಪನೆ ಯಾವ ಅಗ್ರಹಾರದ ಇನಾಮು ಜಮೀನೂ ಅಲ್ಲ.

ಹಾಗಾದರೆ ಕೈ ಬೆಳೆಯೋದು ಹೇಗೆ? ಎಲ್ಲಿ ಕೂತು? 1929ರಲ್ಲಿ ವರ್ಜೀನಿಯಾ ವುಲ್ಫ್, ಹೆಣ್ಣು ಕತೆ ಬರೆಯಬೇಕಾದರೆ ಆಕೆಗೊಂದು ಸ್ವಂತ ಕೋಣೆ, ವರ್ಷಕ್ಕೆ 500 ಪೌಂಡು ವರಮಾನ ಬೇಕು ಎಂದಳು. ನ್ಯಾಯವಾದ ಮಾತು. ಆದರೆ ಒಂದೇ ಅಂಕಣದ ಮನೆಯಲ್ಲಿ ಆರು ಜನ, ಎರಡು ಮೇಕೆ ಮಲಗುವ ನಾವು ಆ ಕೋಣೆಗೆ ಕಾದರೆ ಸಾಯೋತನಕ ಕಾಯಬೇಕು. ಕೋಣೆಗಾಗಿ ಹೋರಾಡೋಣ, ಅದನ್ನು ಬಿಟ್ಟುಕೊಡಬಾರದು. ಅಲ್ಲೀತನಕ ಕೋಣೆ ಇಲ್ಲದವರು ಹೇಗೆ ಬರೆದರು ನೋಡೋಣ.

ಅಣ್ಣಾಭಾವು ಸಾಠೆ ಮಾಂಗ ಜಾತಿಯಲ್ಲಿ ಹುಟ್ಟಿದವರು. ಶಾಲೆಯ ಓದು ಇಲ್ಲವೆನ್ನುವಷ್ಟು ಕಡಿಮೆ. ಮುಂಬಯಿಯ ಗಿರಣಿಯಲ್ಲಿ ದುಡಿದು, ಕೊಳೆಗೇರಿಯಲ್ಲಿ ಬದುಕಿ, 1959ರಲ್ಲಿ 'ಫಕೀರಾ' ಕಾದಂಬರಿ ಕೊಟ್ಟರು. ಅದನ್ನು ಬಾಬಾಸಾಹೇಬರ ಲೇಖನಿಗೆ ಅರ್ಪಿಸಿದರು. ಅಮೆರಿಕದ ಕರಿಯ ಹೆಣ್ಣುಮಗಳು ಆಕ್ಟೇವಿಯಾ ಬಟ್ಲರ್ ಪಾತ್ರೆ ತೊಳೆದಳು, ಆಲೂಗಡ್ಡೆ ಚಿಪ್ಸಿನ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡಿದಳು, ರಾತ್ರಿ ಎರಡು ಗಂಟೆಗೆ ಎದ್ದು ಬರೆದಳು. ಹೊಸಬರಿಗೆ ಆಕೆ ಹೇಳಿದ್ದೂ ಇಷ್ಟೆ, ಸ್ಫೂರ್ತಿಯನ್ನು ನೆಚ್ಚಬೇಡಿ, ಅಭ್ಯಾಸವನ್ನು ನೆಚ್ಚಿ ಅಂತ. ಆಕೆಯ ತಾಯಿ ಬಿಳಿಯರ ಮನೆಗೆಲಸದಾಕೆ, ಹಿಂಬಾಗಿಲಿನಿಂದಲೇ ಒಳಗೆ ಹೋಗಬೇಕಾದವಳು. ಮಗಳು ಅದನ್ನು ನೋಡುತ್ತ ಬೆಳೆದಳು. ಆ ಹಿಂಬಾಗಿಲು 1979ರ 'ಕಿಂಡ್ರೆಡ್' ಕಾದಂಬರಿಗೆ ಒಂದು ಬೀಜ. ಹಿಂಬಾಗಿಲು ನಮಗೇನು ಹೊಸದೇ? ಆದರೆ ಆಕೆ ಅದನ್ನು ಕಂಡು ಅಳುತ್ತ ಕೂರಲಿಲ್ಲ. ಕಾಲವನ್ನೇ ಬಗ್ಗಿಸಿ, ತನ್ನ ಕಾಲದ ಹೆಣ್ಣೊಬ್ಬಳನ್ನು ಹಿಂದಿನ ಶತಮಾನದ ಗುಲಾಮಗಿರಿಯ ತೋಟಕ್ಕೆ ತಂದು ನಿಲ್ಲಿಸಿದಳು. 'ನಿಮ್ಮ ಜನಕ್ಕೆ ಇಂಥ ವೈಜ್ಞಾನಿಕ ಕಲ್ಪನೆ ಯಾಕೆ' ಅಂತ ಯಾರಾದರೂ ಕೇಳಿದರೆ ಈ ಹೆಸರು ಹೇಳಿ.

ನಮ್ಮ ಅಭ್ಯಾಸಕ್ಕೆ ನಾವೇ ಲೆಕ್ಕ ಹಾಕಿಕೊಳ್ಳೋಣ. ದಿನಕ್ಕೆ ಅರ್ಧ ಪುಟ. ಅಷ್ಟೆ. ಸಿಟಿ ಬಸ್ಸಿನಲ್ಲಿ ನಿಂತುಕೊಂಡು, ಕಾವಲು ಕೆಲಸದ ನಡುರಾತ್ರಿಯಲ್ಲಿ, ಊಟ ತಲುಪಿಸುವ ಹುಡುಗ ಹೋಟೆಲಿನ ಮುಂದೆ ಬೈಕು ನಿಲ್ಲಿಸಿ ಕಾಯುವ ಹತ್ತು ನಿಮಿಷದಲ್ಲಿ. ಕಾಗದ ಇಲ್ಲದಿದ್ದರೆ ಮೊಬೈಲಿನಲ್ಲಿ. ಬೆರಳು ಸೋತಿದ್ದರೆ ಅದೇ ಮೊಬೈಲಿಗೆ ಬಾಯಲ್ಲಿ ಹೇಳಿ ಇಡಿ. ಕೂಲಿಯವನಿಗೆ ಹಾಜರಿ ಪುಸ್ತಕ ಇದೆಯಲ್ಲ, ಹಾಗೆ ಕತೆಗಾರನಿಗೂ ಒಂದು ಇರಲಿ. ಚೆನ್ನಾಗಿ ಬಂತೋ ಇಲ್ಲವೋ ಆಮೇಲಿನ ಮಾತು. ಇವತ್ತಿನ ಹಾಜರಿ ಬಿತ್ತೋ ಇಲ್ಲವೋ? ತಪ್ಪಿದ ದಿನಕ್ಕೆ ಅತ್ತು ಕೂರೋದು ಬೇಡ. ಮಾರನೇ ದಿನ ಮತ್ತೆ ಹಾಕಿದರಾಯ್ತು.

ಆ ಅರ್ಧ ಪುಟವನ್ನು ಹಾಗೇ ಅಚ್ಚಿಗೆ ಕೊಡುವುದೂ ಬೇಡ. ಉತ್ತ ಹೊಲದಲ್ಲಿ ಹೆಂಟೆ ಇರುತ್ತವೆ. ಹೆಂಟೆ ಒಡೆಯಬೇಕು, ಕಳೆ ಕೀಳಬೇಕು. ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸೋದನ್ನ ನಾವು ಹುಟ್ಟಿದಾಗಿಂದ ನೋಡಿದ್ದೇವೆ. ಕಾಯದ ತಮಟೆ ನುಡಿಯೋದಿಲ್ಲ. ಎರಡನೇ ಸಲ, ಮೂರನೇ ಸಲ ತಿದ್ದಿ ಬರೆಯೋದು ಅಂದರೆ ಈ ಕಾಯಿಸೋ ಕೆಲಸ.

ಇಲ್ಲಿ ಗಂಡಸರಿಗೆ ಒಂದು ಮಾತು. ನಾವು ಅರ್ಧ ಪುಟ ಬರೆಯುವಾಗ ರೊಟ್ಟಿ ತಟ್ಟುತ್ತಿದ್ದವರು ಯಾರು? ಅಕ್ಕತಂಗಿಯರಿಗೆ ಆ ಅರ್ಧ ಪುಟದ ಹೊತ್ತು ಎಲ್ಲಿಂದ ಬರಬೇಕು? ಚಳವಳಿಯ ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ, ಮನೆಗೆ ಬಂದು 'ನೀರು ತಾ' ಅನ್ನುವವನು ಮೊದಲು ತಟ್ಟೆ ತೊಳೆಯುವ ಅಭ್ಯಾಸ ಮಾಡಿಕೊಳ್ಳಲಿ. ಕತೆಯ ಅಭ್ಯಾಸ ಆಮೇಲೆ. ಇದೇ ಬಂಡಾಯದ ಒಡನಾಟದಲ್ಲಿ ಬೆಳೆದ ಬಾನು ಮುಷ್ತಾಕ್, ಹಾಸನದಲ್ಲಿ ವಕೀಲಿ ಮಾಡುತ್ತ, ಮನೆ ನಡೆಸುತ್ತ ಕತೆ ಬರೆದವರು. 2025ರಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಆ ಒಂದು ರಾತ್ರಿಯನ್ನು ನೋಡಿದರು. ಆ ಪುಸ್ತಕದಲ್ಲಿರುವ 12 ಕತೆಗಳು 1990ರಿಂದ 2023ರವರೆಗೆ ಬರೆದವು. ನಾವು ನೋಡಬೇಕಾದದ್ದು ಆ ಮೂವತ್ತಮೂರು ವರ್ಷಗಳ ಹಾಜರಿಯನ್ನು.

ಅಭ್ಯಾಸ ಸರಿ, ಬರೆಯೋದಕ್ಕೆ ಏನಿದೆ ಅಂತ ಕೇಳುವ ಗೆಳೆಯರಿದ್ದಾರೆ. ಹೊಳಹು ಎಲ್ಲಿಂದ ತರೋದು? ಮೂರು ಕಡೆ ನೋಡಿ ಅಂತೀವಿ ನಾವು.

ಒಂದು, ಕಸುಬಿನ ಮಾತು. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಅಕ್ಕಿ ಆಯ್ದ ಮಾರಯ್ಯ ಲಕ್ಕಮ್ಮ ದಂಪತಿಗಳು ವಚನ ಕಟ್ಟಿದರು. ಅವರ ಕಾಯಕವೇ ಅವರಿಗೆ ಮಾತು ಕೊಟ್ಟಿತು. ನಮ್ಮ ಮನೆಯಲ್ಲಿ ಚರ್ಮ ಹದ ಮಾಡಿದವರು, ಗಾರೆ ಕಲಸಿದವರು, ಮ್ಯಾನ್‌ಹೋಲಿಗೆ ಇಳಿದವರು ಇದ್ದಾರೆ. ಅವರ ಕೆಲಸದ ಒಂದೊಂದು ಸಲಕರಣೆಗೆ, ಒಂದೊಂದು ಹಂತಕ್ಕೆ, ಒಂದೊಂದು ಗಾಯಕ್ಕೆ ಹೆಸರಿದೆ. ದಿನಕ್ಕೆ ಒಂದು ಪದ ಕೇಳಿ ಬರೆದುಕೊಳ್ಳಿ. ಆ ಪದವನ್ನು ಯಾರು, ಯಾರಿಗೆ, ಯಾವ ಸಿಟ್ಟಿನಲ್ಲಿ ಹೇಳಿದರು ಅಂತ ಕೇಳಿಕೊಳ್ಳಿ. ಕತೆ ಅಲ್ಲಿ ಬಾಲ ಅಲ್ಲಾಡಿಸುತ್ತದೆ.

ಎರಡು, ಕಾಗದ. ನಮ್ಮ ಜನರ ಬದುಕನ್ನು ಬೇರೆಯವರು ಕಾಗದದ ಮೇಲೆ ಬರೆದಿಟ್ಟಿದ್ದಾರೆ. ಸಾಲದ ಪತ್ರ, ಜಮೀನಿನ ಪಹಣಿ, ಪೊಲೀಸರ ಎಫ್‌ಐಆರು, ಕೋರ್ಟಿನ ತೀರ್ಪು. ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯ ನೌಕರಿ ಮಾಡುತ್ತ, ಇಬ್ಬರು ಮಕ್ಕಳನ್ನು ಸಾಕುತ್ತ, 1974ರ 'ದಿ ಬ್ಲ್ಯಾಕ್ ಬುಕ್' ಸಂಪಾದಿಸುವಾಗ ಹಳೆಯ ಪತ್ರಿಕೆಯ ಒಂದು ಸುದ್ದಿ ಕಂಡಳು. ಮಗಳು ಮತ್ತೆ ಗುಲಾಮಳಾಗಬಾರದೆಂದು 1856ರಲ್ಲಿ ಆ ಮಗುವನ್ನೇ ಕೊಂದ ಮಾರ್ಗರೆಟ್ ಗಾರ್ನರ್ ಎಂಬ ತಾಯಿಯ ಸುದ್ದಿ ಅದು. ಅದರಿಂದ 1987ರಲ್ಲಿ 'ಬಿಲವ್ಡ್' ಹುಟ್ಟಿತು. ಪತ್ರಿಕೆ ಏನಾಯಿತು ಎಂದಷ್ಟೇ ಹೇಳಿತ್ತು. ಆ ತಾಯಿಯ ಒಳಗೆ ಏನಾಯಿತು ಎಂಬುದನ್ನು ಕಾದಂಬರಿ ಹುಡುಕಿತು.

ನಮ್ಮಲ್ಲಿ ಅಂಥ ಕಾಗದ ಇಲ್ಲವೇ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಈ ಬೆಂಕಿಯ ಮೇಲೆ ನಾವು ಕವಿಗಳು ಬೇಕಾದಷ್ಟು ಕವನ ಬರೆದೆವು. ಇಂಥ ಊರಲ್ಲಿ ಕೋರ್ಟಿನಲ್ಲಿ 'ನಾನೇನೂ ನೋಡಲಿಲ್ಲ ಸ್ವಾಮಿ' ಅಂದು ಮನೆಗೆ ಬಂದವನು ಆ ರಾತ್ರಿ ಹೆಂಡತಿಯ ಎದುರು ಕೂತು ಉಂಡನೇ? ಆಕೆ ಬಡಿಸಿದಳೇ? ಇದು ಕತೆ. ಘೋಷಣೆ ಈ ಮನೆಯೊಳಗೆ ಹೋಗಲಾರದು. ಕತೆ ಹೋಗಬಲ್ಲದು. ಆದರೆ ಒಂದು ಎಚ್ಚರ. ನೊಂದವರ ಹೆಸರು, ಊರು, ಮನೆಯ ಗುಟ್ಟು ಹಾಗೇ ಎತ್ತಿ ಮಾರುವುದು ಬೇಡ. ನಮ್ಮ ಜನರ ಗಾಯವನ್ನು ನಾವೇ ಸಂತೆಗೆ ಒಯ್ದರೆ ನಮಗೂ ದಲ್ಲಾಳಿಗೂ ಏನು ವ್ಯತ್ಯಾಸ? ಅದಕ್ಕೇ ಕಲ್ಪನೆ ಬೇಕು ಅಂದದ್ದು.

ಮೂರು, ತಲೆಕೆಳಗು ಮಾಡುವುದು. ಕಂಡ ಸಂಗತಿಯಲ್ಲಿ ಒಂದನ್ನು ಮಾತ್ರ ಬದಲಾಯಿಸಿ. ಊರಿಗೆಲ್ಲ ಒಂದೇ ಕೊಳವೆಬಾವಿ ಉಳಿದಿದೆ, ಅದು ಹೊಲಗೇರಿಯಲ್ಲಿದೆ. ಈಗ ಕೊಡ ಹಿಡಿದು ಯಾರು ಬರ್ತಾರೆ? ಏನಂತ ಕರೀತಾರೆ? ಈ ಒಂದು ಪ್ರಶ್ನೆಯಲ್ಲಿ ನಾಲ್ಕು ಕತೆಗಳಿವೆ, ಒಂದರಲ್ಲಿ ನಗುವೂ ಇದೆ.

ಈಗ ಯಂತ್ರವನ್ನು ಕೇಳಿದರೆ ಒಂದು ನಿಮಿಷದಲ್ಲಿ ಹತ್ತು ಕಥಾವಸ್ತು ಕೊಡುತ್ತದೆ, ನಿಜ. ಅದು ಈಗಾಗಲೇ ಬರೆದದ್ದನ್ನು ಅರೆದು ಕೊಡುತ್ತದೆ. ಬರೆಯದೇ ಉಳಿದದ್ದು ನಮ್ಮ ಕೇರಿಯದು. ಅರೆಯಲು ಅಲ್ಲಿ ಕಾಳೇ ಬಿದ್ದಿಲ್ಲ.

ನಮ್ಮವರೇ ಆದ ಸಂಗಾತಿಗಳ ತಕರಾರಿಗೂ ಉತ್ತರ ಹೇಳಬೇಕು. 'ಬೀದಿಯಲ್ಲಿ ಹೋರಾಟ ನಡೀತಿರುವಾಗ ಕತೆಯ ಅಭ್ಯಾಸ ಅಂತ ಕೂರೋದು ವಿಲಾಸ ಅಲ್ವೇನ್ರಯ್ಯ? ಕರಪತ್ರ ಬರೀರಿ' ಅಂತಾರೆ. ಕರಪತ್ರವನ್ನೂ ಬರೀತೀವಿ. ಬರೆದಿದ್ದೇವೆ. ಆದರೆ 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಎದ್ದ ಗಲಾಟೆಯನ್ನು ನೆನೆಯಿರಿ. ಆ ಮಾತಿಗೆ ಬೆನ್ನೆಲುಬಾಗಿ ನಿಂತದ್ದು ಬೀದಿಯ ಹೋರಾಟ ಮಾತ್ರವಲ್ಲ. ಆಮೇಲೆ ಬಂದ ಕತೆ, ಕಾದಂಬರಿ, ಆತ್ಮಕತೆಗಳೂ ನಿಂತವು. ಬೂಸಾ ಅಂದಮೇಲೆ ಕಾಳು ಬೆಳೆದು ತೋರಿಸುವ ಜವಾಬ್ದಾರಿ ನಮ್ಮದೇ.

ನಾವು ಬೆಳೆಯುವುದರಲ್ಲೂ ಬೂಸಾ ಇಲ್ಲವೇ? ಹೊಟ್ಟೆ ಬಂದ ಸಾಹುಕಾರ, ಕೆಟ್ಟ ಕಣ್ಣಿನ ಶಾನುಭೋಗ, ಕೊನೆಯ ಪ್ಯಾರಾದಲ್ಲಿ ಕೆಂಪಗೆ ಹುಟ್ಟುವ ಸೂರ್ಯ. ಈ ಅಚ್ಚಿನಲ್ಲಿ ಎರಕ ಹೊಯ್ದ ಕತೆಗಳನ್ನು ಸಾಹುಕಾರ ಕೂಡ ಓದಿ ಚಪ್ಪಾಳೆ ತಟ್ಟುತ್ತಾನೆ. ಅವನಿಗೆ ಅದರಿಂದ ಯಾವ ಅಪಾಯವೂ ಇಲ್ಲ. ತನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ ಅಂತ ನಿರಾಳವಾಗಿ ಮಲಗುತ್ತಾನೆ. ಅವನ ನಿದ್ದೆ ಕೆಡಿಸುವ ಕತೆ ಬೇಕಾದರೆ ಅವನ ಮಗಳು ನಮ್ಮ ಅವ್ವನಿಗೆ ಕೊಟ್ಟ ಹಳೇ ಸೀರೆಯ ಅಂಚಿನ ಬಣ್ಣ ನಮಗೆ ಗೊತ್ತಿರಬೇಕು. ಅದನ್ನು ಉಟ್ಟ ದಿನ ಅವ್ವ ಯಾಕೆ ಮಾತಾಡಲಿಲ್ಲ ಅನ್ನೋದು ಗೊತ್ತಿರಬೇಕು. ಅದು ಒಂದು ದಿನಕ್ಕೆ ಸಿಗೋದಲ್ಲ. ದಿನಾ ನೋಡಬೇಕು, ದಿನಾ ಬರೀಬೇಕು, ದಿನಾ ಹೊಡೆದುಹಾಕಬೇಕು.

ಕೊನೆಗೆ, ಒಬ್ಬರೇ ಕೂತು ಬರೆದದ್ದನ್ನು ಒಬ್ಬರೇ ಇಟ್ಟುಕೊಳ್ಳುವುದೂ ಬೇಡ. ತಿಂಗಳಿಗೊಂದು ಸಲ ಹಾಸ್ಟೆಲಿನ ಕೋಣೆಯಲ್ಲೋ, ಅಂಬೇಡ್ಕರ್ ಭವನದ ಜಗುಲಿಯಲ್ಲೋ ನಾಲ್ಕು ಜನ ಸೇರಿ ಓದಿ. ಓದು ಬಾರದ ಅಜ್ಜಿಯೊಬ್ಬಳನ್ನು ಮುಂದೆ ಕೂರಿಸಿಕೊಳ್ಳಿ. 'ಇದು ಹಂಗಲ್ಲ ಕಣ್ಮಗಾ, ಅವ್ಳು ಹಂಗನ್ನಾಕಿಲ್ಲ' ಅಂತ ಆಕೆ ಒಂದು ಮಾತು ಅಂದರೆ, ಅದು ಹತ್ತು ವಿಮರ್ಶೆಗೆ ಸಮ. ಹೊಗಳಿಕೆ ಬೇಡ, ಶಾಲು ಬೇಡ. ತಿದ್ದುವವರು ಬೇಕು.

ಪ್ರಶಸ್ತಿಯ ಪಟ್ಟಿ, ಅಕಾಡೆಮಿಯ ಕಮ್ಮಟ, ದೊಡ್ಡವರ ಮುನ್ನುಡಿ ಇವೆಲ್ಲ ಬಂದರೆ ಬರಲಿ, ಬರದಿದ್ದರೆ ಬಿಡಲಿ. ಇವತ್ತಿನ ಅರ್ಧ ಪುಟ ಇನ್ನೂ ಬಾಕಿ ಇದೆ ಗೆಳೆಯರೇ. ಕರೆಂಟು ಹೋಗುವ ಮುಂಚೆ ಅದನ್ನು ಮುಗಿಸೋಣ.